ಕಡ್ಡಿಯಿಲ್ಲದ ಅಜವಾನ

"ಇದೇನ್ ಅಜವಾನೋ, ಕಸಾನೋ? ಅರ್ಧ ಕಡ್ಡಿನ ಅದಾವಲ್ರಿ!"

ಗಂಗಾವತಿ ಪೇಟೆಯ ಕಿರಾಣಿ ಅಂಗಡಿಯಲ್ಲಿ ಅಂಜುಮ ಓಂಕಾಳಿನ ಪೊಟ್ಟಣ ಬಿಚ್ಚಿ ಕಟ್ಟೆಯ ಮೇಲೆ ಸುರಿದೇಬಿಟ್ಟಳು. ಚಿಕ್ಕಮ್ಮನ ಬಾಣಂತನಕ್ಕೆಂದು ಊರಿಗೆ ಬಂದಿದ್ದಳು ಅವಳು.

ಅಂಗಡಿಯ ಯಜಮಾನ ಅಫ್ರೋಜ ಸಿಟ್ಟಾಗಲಿಲ್ಲ. ಹಳೆಯ ಪೇಪರು ಹಾಸಿ, ಒಂದೊಂದೇ ಕಡ್ಡಿ ಆರಿಸುತ್ತಾ ಕುಳಿತ. ಹಿಂದೆ ನಿಂತ ಗಿರಾಕಿಗಳು ಗೊಣಗಿದರೂ ತಲೆ ಎತ್ತಲಿಲ್ಲ.

"ಬಾಣಂತಿ ಹೊಟ್ಟಿಗೆ ಹೋಗೂದೈತಿ. ಹಸನ ಮಾಡಿ ಕೊಡ್ತೀನಿ, ನಿಂದರ್ರಿ."

"ಎಷ್ಟೊತ್ತು ನಿಂದರಬೇಕು?"

"ನಿಮಗ ಬ್ಯಾಸರ ಆಗೂತನಕ... ನನಗಂತೂ ಆಗಂಗಿಲ್ಲ!"

ಅವತ್ತು ಸೆರಗಿನ ಮರೆಯಲ್ಲಿ ನಕ್ಕಿದ್ದಳು. ಮರುವರ್ಷ ಅದೇ ಅಂಗಡಿಯ ಹಿಂದಿನ ಮನೆಗೆ ಸೊಸೆಯಾಗಿ ಹೋದಳು.

ಮೂರು ವರ್ಷವಾಯಿತು. ಈಗ ಕುಷ್ಟಗಿಯ ತವರಿನಲ್ಲಿ, ನಲವತ್ತು ದಿನದ ಕೂಸನ್ನು ಅವುಚಿಕೊಂಡು ಕುಳಿತವಳು ಆ ಮಾತು ನೆನಪಾದರೆ ಮುಖ ಗೋಡೆಗೆ ತಿರುಗಿಸುತ್ತಾಳೆ.

ಬೆಳಿಗ್ಗೆಯೇ ಬಾಣಂತಿಯ ನಲವತ್ತರ ಸ್ನಾನ ಮುಗಿದಿತ್ತು. ಸಂಜೆ ಅಫ್ರೋಜನ ದೊಡ್ಡಪ್ಪ ಹಾಜಿಸಾಬ ಬರುವವರು. ಗಂಡನ ಮನೆಗೆ ಹೋಗುತ್ತಾಳೋ, ಸಂಬಂಧ ಕಡಿದುಕೊಳ್ಳುತ್ತಾಳೋ... ಇವತ್ತೇ ಹೇಳಬೇಕು.

'ಬರಂಗಿಲ್ಲ ಅಂತೀನಿ. ಅಷ್ಟ!'

ಹೇಗೆ ಮರೆಯುವುದು? ಹೆರಿಗೆಗೆ ಬಂದ ಮೇಲೂ ಫೋನಿನಲ್ಲಿ ಅಫ್ರೋಜನ ಜೊತೆ ಜಗಳ. "ಅಂಗಡಿ ಬಿಟ್ಟು ದಿನಾ ಬರಾಕ ಆಕ್ಕೈತೇನು?" ಎಂದವನು ಸಿಟ್ಟಿನಲ್ಲಿ ಫೋನ್ ಬಂದ್ ಮಾಡಿಟ್ಟ. ಮರುದಿನವೇ ನೋವು ಶುರುವಾಯಿತು. ಹನ್ನೊಂದು ಸಲ ಫೋನ್ ಹಚ್ಚಿದ್ದಳು... ಹನ್ನೊಂದು ಸಲ!

ಯಾರೋ ಸುದ್ದಿ ಮುಟ್ಟಿಸಿ, ಮೂರನೇ ದಿನ ಓಡಿಬಂದವನಿಗೆ ಒಳಗಿಂದಲೇ ಕೂಗಿ ಹೇಳಿದ್ದಳು, "ನಿಮ್ಮ ಮನಿ ನೀರೂ ನನಗ ಬ್ಯಾಡ! ನನ್ನ ಕೂಸಿನ ಮಾರಿ ನೋಡಬ್ಯಾಡ್ರಿ!"

ಅವನು ಬಂದ ದಾರಿಯಲ್ಲೇ ತಿರುಗಿ ಹೋದ. ಆಮೇಲೆ ಬರಲೇ ಇಲ್ಲ...

ಆ ದಿನಗಳನ್ನು ದಾಟಿಸಿದ್ದು ಅಮ್ಮಿ ದಾವಲಬೀ, ಮತ್ತೆ ಅವಳ ಅಜವಾನ. ಹೊಟ್ಟೆ ಉಬ್ಬರಿಸದಿರಲೆಂದು ಅಜವಾನ ಕುದಿಸಿದ ನೀರು. ಊಟವಾದ ಮೇಲೆ ವೀಳ್ಯದೆಲೆಯಲ್ಲಿ ಮಡಿಚಿದ ಒಂದು ಚಿಟಿಕೆ. ಸ್ನಾನವಾದರೆ ಕೆಂಡದ ಮೇಲೆ ಉದುರಿಸಿ, ಸೊಂಟಕ್ಕೆ ಬೆಚ್ಚನೆಯ ಹೊಗೆ. ಕೂಸು ಅತ್ತರೆ, ಹುರಿದ ಕಾಳನ್ನು ಬಟ್ಟೆಯಲ್ಲಿ ಗಂಟು ಕಟ್ಟಿ, ಮೊದಲು ತನ್ನ ಕೆನ್ನೆಗೆ ಮುಟ್ಟಿಸಿ ನೋಡಿ, ಆಮೇಲೆ ಆ ಪುಟ್ಟ ಹೊಟ್ಟೆಯ ಮೇಲಿಡುತ್ತಿದ್ದಳು. ಆ ಘಾಟು ಮೂಗಿಗೆ ಬಡಿದರೆ ಸಾಕು, ಕೂಸು ಗಪ್‌ಚುಪ್!

ಮಧ್ಯಾಹ್ನದ ಊಟಕ್ಕೆ ಕುಳಿತಾಗ ಹಲ್ಲಿಗೆ ಸಣ್ಣ ಕಲ್ಲು ಕಟಕ್ ಎಂದಿತು.

"ಅಮ್ಮೀ, ಅನ್ನದಾಗ ಹಳ್ಳು!"

"ನುಂಗವ್ವಾ. ಕಣ್ಣಿಗೆ ಪೊರೆ ಬಂದಾವು. ಅಕ್ಕಿ ಯಾವುದು, ಹಳ್ಳು ಯಾವುದು ನನಗೇನು ಕಾಣ್ತೈತಿ?"

ಅಂಜುಮಳ ಕೈ ಅಲ್ಲೇ ನಿಂತಿತು.

ಅಕ್ಕಿಯೊಳಗಿನ ಹಳ್ಳು ಕಾಣದ ಕಣ್ಣು... ಸಾಸಿವೆಯಷ್ಟು ಸಣ್ಣ ಕಾಳಿನ ಕಡ್ಡಿ ಆರಿಸಿದ್ದು ಹೇಗೆ? ನಲವತ್ತು ದಿನ ಎಲೆಯಲ್ಲಿಟ್ಟು ಅಗಿದಿದ್ದಾಳೆ. ಒಂದು ಕಡ್ಡಿ ಹಲ್ಲಿಗೆ ಸಿಕ್ಕಿಲ್ಲ!

ಎದ್ದು ಅಡುಗೆಮನೆಗೆ ಹೋಗಿ ಡಬ್ಬಿಯನ್ನು ತಟ್ಟೆಗೆ ಸುರಿದಳು. ಕಡ್ಡಿಯಿಲ್ಲ, ಹೊಟ್ಟಿಲ್ಲ, ಮಣ್ಣಿಲ್ಲ.

"ಅಮ್ಮೀ... ಇದನ್ನ ಯಾರು ಹಸನ ಮಾಡ್ಯಾರ?"

ದಾವಲಬೀ ಸೆರಗಿನಿಂದ ಬಾಯಿ ಒರೆಸಿಕೊಂಡಳು. ಸುಳ್ಳು ಹೇಳಲು ಅವಳಿಗೆ ಬರುವುದಿಲ್ಲ.

"ಗೊತ್ತಾತಲ್ಲ, ಮತ್ತ್ಯಾಕ ಕೇಳ್ತಿ? ಪ್ರತಿ ಶುಕ್ರವಾರ ನಮಾಜ್ ಮುಗಿಸಿ, ತಾವರಗೇರಿ ಮ್ಯಾಲಿನ ಬಸ್ಸಿಗೆ ಬರ್ತಾನ. ನೀ ಮಲಗಿದ ಹೊತ್ತು. ಹೊಸ್ತಲದಾಗ ಪೊಟ್ಟಣ ಕೊಟ್ಟು, ಕಟ್ಟಿ ಮ್ಯಾಲೆ ಒಂದು ಗಳಿಗಿ ಕುಂದರ್ತಾನ. ಕೂಸು ಅತ್ತರ ಕೇಳ್ಕೋತಾನ, ಹೋಗ್ತಾನ."

"ನನಗ್ಯಾಕ ಹೇಳಲಿಲ್ಲ?"

"ಆಣಿ ಹಾಕ್ಸಿಕೊಂಡಾನಲ್ಲ! 'ಗೊತ್ತಾದ್ರ ಚೆಲ್ತಾಳ ಅತ್ತಿ, ಆಮ್ಯಾಲೆ ಆಕಿಗೇ ಹೊಟ್ಟಿ ನೋಯ್ತೈತಿ' ಅಂತ."

ಅಂಜುಮ ತಟ್ಟೆಯ ಕಾಳನ್ನು ಬೆರಳಿನಿಂದ ಸರಿಸುತ್ತಾ ಕುಳಿತಳು. 'ಅವತ್ತು ಒಂದು ಮಾತು ಕೇಳಿಸಿಕೊಂಡಿದ್ರ... ಕೂಸಿನ ಮೊದಲ ನಗು, ಹೊಕ್ಕಳ ಬಿದ್ದ ದಿನ, ಎಲ್ಲಾ ಅವರಿಗೆ ತಪ್ಪಿಸಿಬಿಟ್ನಲ್ಲ, ಯಾ ಅಲ್ಲಾ!'

ಇವತ್ತೂ ಶುಕ್ರವಾರ.

ಬಿಸಿಲು ಇಳಿಯುವ ಹೊತ್ತಿಗೆ ಬಾಗಿಲಲ್ಲಿ ಮೆಲ್ಲಗೆ ಸಪ್ಪಳವಾಯಿತು.

ತೆರೆದಳು. ಅಫ್ರೋಜ ತಲೆ ತಗ್ಗಿಸಿಯೇ ಪೊಟ್ಟಣ ಚಾಚಿದ. ಸೊರಗಿದ್ದ. "ತಗೋರಿ ಅತ್ತಿ. ಇದು ಕಡೀದು... ಸಂಜಿಕ ದೊಡ್ಡಪ್ಪ ಬರ್ತಾನಂತ. ಆಕಿ ಏನಂದ್ರೂ ನನಗ ಒಪ್ಪಿಗಿ ಅಂತ ಹೇಳ್ರಿ."

ಪೊಟ್ಟಣ ಹಿಡಿದ ಕೈಗಳ ಬಳೆ ಸದ್ದಾಯಿತು. ಅವನು ಬೆಚ್ಚಿ ತಲೆ ಎತ್ತಿದ.

"ಇದ್ರಾಗ ಕಡ್ಡಿ ಅದಾವ," ಎಂದಳು.

"ಇಲ್ಲ ಅಂಜೂ! ಎರಡೆರಡು ಸಲ ನೋಡೀನಿ..."

"ಹಂಗಾದ್ರ ಒಳಗ ಕುಂತು ಮೂರನೇ ಸಲ ನೋಡ್ರಿ."

ಅವನ ಕಣ್ಣು ತುಂಬಿತು. "ಆ ಫೋನ್ ನಾ ಬಂದ್ ಮಾಡಬಾರದಿತ್ತು..."

"ಬಾಗಿಲಾ ನಾನೂ ಬಂದ್ ಮಾಡಬಾರದಿತ್ತು. ನಲವತ್ತು ದಿನ ಹೋದುವು... ಅವನ್ನ ಎಲ್ಲಿಂದ ತರೂಣು?"

ಒಳಗೆ ಕೂಸು ಅಳತೊಡಗಿತು. ತಂದು ಅವನ ಕೈಗಿಟ್ಟಳು. ಬೆಳಗಿನಿಂದ ಕಡ್ಡಿ ಆರಿಸಿದ ಆ ಬೆರಳುಗಳ ಘಾಟು ಮೂಗಿಗೆ ತಾಗಿ ಕೂಸು ಒಮ್ಮೆಲೇ ಸುಮ್ಮನಾಯಿತು.

"ನನ್ನ ನೋಡೇ ಇಲ್ಲ ಇಕಿ... ಅಪ್ಪ ಅಂತ ಗುರ್ತು ಹಿಡೀತಾಳೇನು?"

"ಹಿಡದಾಳ," ಎಂದಳು ಅಂಜುಮ, ಕಣ್ಣೊರೆಸಿಕೊಳ್ಳುತ್ತಾ. "ಹುಟ್ಟಿದಾಗಿಂದ ನೀವು ಹಸನ ಮಾಡಿದ ಗಂಟು ಹೊಟ್ಟಿ ಮ್ಯಾಲೆ ಇಟ್ಕೊಂಡ ಮಲಗ್ಯಾಳ. ಗುರ್ತು ಹಿಡೀಲಾರದಾಕಿ ನಾನೊಬ್ಬಾಕಿನ."