ಪೇಪರ್ ಲೋಟ

ವಿನೋಬನಗರದ ಓದುಗರ ಕೂಟದಲ್ಲಿ ನಯನಾ ಎಲ್ಲರೆದುರು ಕಣ್ಣೊರೆಸಿಕೊಳ್ಳುತ್ತಿದ್ದಾಗ ದಿನೇಶ್ ಅವಳನ್ನು ಮೊದಲ ಸಲ ನೋಡಿದ.

ಅಂದು ಚರ್ಚೆಗಿದ್ದದ್ದು ಒಂದು ಕಾದಂಬರಿ. ದೂರದೇಶದಲ್ಲಿ, ಮೈಬಣ್ಣ ಕಪ್ಪೆಂಬ ಒಂದೇ ಕಾರಣಕ್ಕೆ ಒಂದು ಸಂಸಾರವನ್ನು ಮನೆಯೊಳಗೆ ಕೂಡಿಹಾಕಿ ಬೆಂಕಿ ಇಡುವ ಕಥೆ. ಒಬ್ಬರು ಭಾಷೆ ಚೆನ್ನಾಗಿದೆ ಅಂದರು. ಇನ್ನೊಬ್ಬರು, ಸದ್ಯ ನಮ್ಮ ಕಡೆ ಹಾಗಿಲ್ಲ ಅಂದರು. ನಯನಾ ಮಾತಾಡಲು ಎದ್ದವಳು ಅತ್ತೇಬಿಟ್ಟಳು.

ಹರಿಹರದ ದಿನೇಶ್ ಹಿಂದಿನ ಸಾಲಿನಿಂದ ಎದ್ದ.

"ಅಳು ಬರ್ತೈತ್ರಿ, ಖರೆ. ಆದ್ರ ಆ ಮನಿಗೆ ಬೆಂಕಿ ಹಚ್ಚಿದೋರೂ ಕತೆ ಓದಿ ಅಳೋ ಜನಾನೇ. ಪುಸ್ತಕದಾಗೇ ಐತೆ ಅದು."

ನಯನಾಳಿಗೆ ಮೈಯೆಲ್ಲ ಉರಿಯಿತು. ಎಷ್ಟು ಸೊಕ್ಕು ಇವನಿಗೆ... ಆದರೂ ಮನೆಗೆ ಹೋಗಿ ಆ ಪುಟ ಹುಡುಕಿದಳು. ಅವನು ಹೇಳಿದ್ದು ನಿಜವಾಗಿತ್ತು.

ಮುಂದಿನ ಕೂಟದಲ್ಲಿ ಅವನ ಪಕ್ಕವೇ ಕೂತಳು. ಜಗಳ ಹೋಗಿ ಮಾತಾಯಿತು, ಮಾತು ಹೋಗಿ... ಬಿಡಿ, ಅದನ್ನೂ ಬಿಡಿಸಿ ಹೇಳಬೇಕೇ?

ಒಂದು ದಿನ ಪುಸ್ತಕ ಹಿಂದಿರುಗಿಸಲು ದಿನೇಶ್ ಸರಸ್ವತಿ ನಗರದ ಅವಳ ಮನೆಗೆ ಬಂದ. ಆ ಮನೆಯಲ್ಲೊಂದು ಪದ್ಧತಿ. ನೆಂಟರಿಗೆ ಸ್ಟೀಲ್ ಲೋಟ, ದಿನೇಶನ ಜಾತಿಯವರಿಗೆ ಪೇಪರ್ ಲೋಟ. ಅವ್ವ ಅನ್ನಪೂರ್ಣಮ್ಮ ಅದನ್ನು ಸ್ವಚ್ಛತೆ ಅನ್ನುತ್ತಿದ್ದಳು. ನಯನಾ ಯೋಚಿಸಲೇ ಇಲ್ಲ. ಕೈ ತನ್ನ ಪಾಡಿಗೆ ಅವನ ಮುಂದೆ ಪೇಪರ್ ಲೋಟ ಇಟ್ಟಿತು, ತನಗೆ ಸ್ಟೀಲ್ ಲೋಟ.

ದಿನೇಶ್ ಎರಡನ್ನೂ ನೋಡಿದ. ಚಹಾ ಮುಟ್ಟದೆ ಎದ್ದು ಹೊರಟ.

ಅಯ್ಯೋ, ನಾನೇನು ಮಾಡಿಬಿಟ್ಟೆ! ಗೇಟಿನವರೆಗೆ ಓಡಿ ಅವನ ಕೈ ಹಿಡಿದಳು. ಅದೇ ಹೊತ್ತಿಗೆ ಅಣ್ಣ ಬಕ್ಕೇಶ್ ಬೈಕ್ ನಿಲ್ಲಿಸಿದ.

"ನಮ್ಮನಿ ಹುಡುಗಿ ಬೇಕಾತೇನಲೇ ನಿನಗ?"

ಹೆಲ್ಮೆಟ್ ಬೀಸಿದ. ಹುಬ್ಬು ಒಡೆಯಿತು, ತುಟಿ ಸೀಳಿತು. ನೆಲಕ್ಕೆ ಬಿದ್ದವನ ಎದೆಗೆ ಬೂಟುಗಾಲಲ್ಲಿ ಒದ್ದ, ಮತ್ತೆ ಒದ್ದ. ರಕ್ತ ಗೇಟಿನ ರಂಗೋಲಿಗೆ ಹರಿಯಿತು. ಅಕ್ಕಪಕ್ಕದವರು ಕಾಂಪೌಂಡಿನೊಳಗೇ ನಿಂತು ನೋಡಿದರು. ಕಾದಂಬರಿಯಲ್ಲೂ ಜನ ಹೀಗೇ ನಿಂತಿದ್ದರು.

ನಯನಾ ಅವನ ಮೇಲೆ ಬಿದ್ದಳು. ಮುಂದಿನ ಏಟಿಗೆ ಅವಳ ಬಲಗೈ ಮುರಿಯಿತು.

ಪ್ಲಾಸ್ಟರ್ ಹಾಕಿಸಿಕೊಂಡು ನೇರ ಠಾಣೆಗೆ ಹೋಗಿ ಅಣ್ಣನ ಮೇಲೆ ಹೇಳಿಕೆ ಕೊಟ್ಟಳು. ಅಪ್ಪ ಕಲ್ಲೇಶಪ್ಪ, ಇನ್ನು ನನಗೆ ಮಗಳಿಲ್ಲ ಅಂದುಬಿಟ್ಟ. ಆಸ್ಪತ್ರೆಯಲ್ಲಿ ದಿನೇಶ್ ಗೋಡೆಯ ಕಡೆ ಮುಖ ತಿರುಗಿಸಿ ಮಲಗಿದ. ಅವಳದು ಬರೀ ಕನಿಕರ ಅಂತ ಅವನ ಎಣಿಕೆ. ಅವಳಿಗೆ ಅದು ಮುರಿದ ಕೈಗಿಂತ ಹೆಚ್ಚು ನೋವು ಕೊಟ್ಟಿತು.

ಅವನು ಮನೆ ಸೇರಿದ ಮೇಲೆ ಹರಿಹರಕ್ಕೆ ಹೋದಳು. ಅವನ ತಾಯಿ ಗಿರಿಯಮ್ಮ ಅವಳನ್ನು ಕೂಡ್ರಿಸಿ, ಪಕ್ಕದ ಅಂಗಡಿಯಿಂದ ಪೇಪರ್ ಲೋಟ ತಂದು ನೀರು ಕೊಟ್ಟಳು. ಸಿಟ್ಟಿನಿಂದಲ್ಲ.

"ನಮ್ ಪಾತ್ರೆದಾಗ ಕುಡಿತಿಯೋ ಇಲ್ಲೋ ತಾಯಿ... ಅದಕ್ಕ ತಂದೆ."

ನಯನಾ ಈ ಸಲ ಅಳಲಿಲ್ಲ. ಅಲ್ಲೇ ಮಂಚದ ಮೇಲಿದ್ದ ದಿನೇಶ್ ಅರ್ಧ ಕುಡಿದಿಟ್ಟಿದ್ದ ಸ್ಟೀಲ್ ಲೋಟವನ್ನು ಎಡಗೈಯಲ್ಲಿ ಎತ್ತಿ, ಎಂಜಲು ನೀರನ್ನು ಗಟಗಟ ಕುಡಿದಳು.

"ಅವತ್ತು ಅವ್ವನಿಗೆ ಹೆದರಿ ಪೇಪರ್ ಲೋಟ ಕೊಟ್ಟೆ ಅನ್ನಲ್ಲ. ರೂಢಿ ಆಗಿತ್ತು. ಅದೇ ದೊಡ್ಡ ತಪ್ಪು. ನನಗೆ ನೀವು ಬೇಕು ದಿನೇಶ್... ಕನಿಕರಕ್ಕಲ್ಲ."

ಹೊಲಿಗೆ ಹಾಕಿದ್ದ ತುಟಿ ನೋಯುತ್ತಿದ್ದರೂ ಅವನು ನಕ್ಕ.

"ಕೈ ವಾಸಿ ಆಗ್ಲಿ. ಆ ಕೈಲೇ ಚಾ ಕೊಡ್ರಿ."

"ಯಾವ ಲೋಟದಲ್ಲಿ?"

"ಒಂದೇ ಸಾಕು, ಇಬ್ರಿಗೂ."