ಸ್ಪೀಕರ್ ಮಾಡಿದವಳ ಹೆಸರು

"ಸ್ಪೀಕರ್ ತಂದ್ರಾ? ಮೇಲೆ ಇಟ್ಬಿಡಿ. ಫಿಟ್ ಮಾಡೋಕೆ ನಿಮ್ಮ ಸಾರ್ ಯಾವಾಗ ಬರ್ತಾರೆ?"

ಬಸವನಗುಡಿಯ ಆ ಹಳೆಯ ಮನೆಯ ಗೇಟಿನಲ್ಲಿ, ಎದೆಯೆತ್ತರದ ಪೆಟ್ಟಿಗೆಗೆ ಹೆಗಲು ಕೊಟ್ಟು ನಿಂತಿದ್ದ ರಂಜಿನಿಗೆ ಮೈಯೆಲ್ಲ ಉರಿದುಹೋಯಿತು!

"ಯಾವ ಸಾರ್?"

"ಅಲ್ಲ... ಸ್ಪೀಕರ್ ಮಾಡಿದೋರು."

"ಮಾಡಿದೋಳು ನಾನು. ಡಿಸೈನ್ ನಂದು. ಪ್ಲೈವುಡ್ ಕೊಯ್ದಿದ್ದು ನಾನು, ಒಳಗಿನ ವೈರಿಂಗ್ ನಂದು, ಈಗ ಹೊತ್ತು ತಂದಿರೋದೂ ನಾನೇ. ಇನ್ನೂ ಸಾರ್ ಬೇಕಾ ನಿಮಗೆ?"

ಗೇಟು ತೆಗೆದಿದ್ದ ಯುವಕನ ಮುಖ ಕೆಂಪಾಯಿತು. ಪೆಟ್ಟಿಗೆಯ ಇನ್ನೊಂದು ತುದಿ ಹಿಡಿದುಕೊಂಡ.

ಅವನು ಅಭಿರಾಮ. ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುವವನು, ಆ ಮನೆಯ ಒಬ್ಬನೇ ಮಗ. ಸ್ಪೀಕರ್ ಮಾಡಿಸಿದ್ದು ಅವರ ಮಹಡಿಯಲ್ಲಿ ಬಾಡಿಗೆಗಿದ್ದ ಸಂಗೀತದ ಟೀಚರ್ ಕಾವೇರಮ್ಮ.

ಜೋಡಿಸಿ ಮುಗಿಸಿ ರಂಜಿನಿ ಹಾಡು ಹಾಕಿದಳು. ಗಾಯಕಿ ಉಸಿರೆಳೆದುಕೊಂಡದ್ದು ಕೇಳಿಸಿತು. ತುಟಿ ಬಿಚ್ಚಿದ್ದು ಕೇಳಿಸಿತು. ಆಮೇಲೆ ದನಿ... ಕೋಣೆಯ ನಡುವೆ ಯಾರೋ ಬಂದು ಕೂತು ಹಾಡಿದ ಹಾಗೆ!

ಅಭಿರಾಮ ಬಾಗಿಲಲ್ಲೇ ನಿಂತುಬಿಟ್ಟಿದ್ದ. ಅವಳು ಹೊರಟಾಗ ಗೇಟಿನವರೆಗೂ ಓಡಿಬಂದ.

"ನಾನು ಹಾಗೆ ಕೇಳ್ಬಾರ್ದಿತ್ತು. ತಪ್ಪಾಯ್ತು."

'ಪರವಾಗಿಲ್ಲ' ಎನ್ನಲು ರಂಜಿನಿಗೆ ಮನಸ್ಸಾಗಲಿಲ್ಲ. "ಹೂಂ" ಎಂದಷ್ಟೇ ಹೇಳಿ ಗೂಡ್ಸ್ ಆಟೋ ಹತ್ತಿದಳು.

ರಂಜಿನಿಗೆ ಚಿಕ್ಕಂದಿನಿಂದಲೂ ದನಿಯ ಹುಚ್ಚು. ಟಿವಿ ಸರ್ವಿಸ್ ಸೆಂಟರಿನಲ್ಲಿ ಕೆಲಸ ಮಾಡುತ್ತಲೇ, ಕಾರಿನ ಬೆಲೆಯ ವಿದೇಶಿ ಸ್ಪೀಕರ್‌ಗಳು ಹೇಗೆ ಹಾಗೆ ಹಾಡುತ್ತವೆಂದು ಓದಿ, ಬಿಚ್ಚಿ, ಕಟ್ಟಿ ಕಲಿತವಳು. ಕೊನೆಗೆ ಕೆಲಸ ಬಿಟ್ಟು ಓಕಳಿಪುರಂನ ತನ್ನ ಮನೆಯ ಮುಂದಿನ ಕೋಣೆಯನ್ನೇ ವರ್ಕ್‌ಶಾಪ್ ಮಾಡಿಕೊಂಡಳು. ಸರ್ಕಾರಿ ಆಫೀಸಿನಲ್ಲಿ ಗುಮಾಸ್ತೆಯಾಗಿದ್ದ ಅಮ್ಮ ಶಕುಂತಲಮ್ಮ, "ನಿನ್ನ ಮರದ ಪುಡಿ ಸಾರಿನಲ್ಲೂ ಸಿಗ್ತಿದೆ ಕಣೇ" ಎಂದು ಗೊಣಗುತ್ತಲೇ ಮಗಳ ಬೆನ್ನಿಗೆ ನಿಂತಿದ್ದರು.

ತೊಂದರೆ ಒಂದೇ. ಮನೆಯ ಹಿಂದೆಯೇ ರೈಲು ಹಳಿ. ಗಿರಾಕಿ ಕಣ್ಮುಚ್ಚಿ ವೀಣೆ ಕೇಳುವಾಗ ಗೋಡೆ ಗಡಗಡ ನಡುಗುತ್ತಿತ್ತು!

"ನಮ್ಮ ಮನೆ ಹಾಲ್ ಖಾಲಿ ಇದೆ. ಭಾನುವಾರ ಅಲ್ಲೇ ಇಟ್ಟು ಕೇಳಿಸಿ" ಎಂದ ಅಭಿರಾಮ. ಆ ಹೊತ್ತಿಗೆ ಅವನಿಗೆ ಏನಾದರೊಂದು ನೆಪ ಮಾಡಿಕೊಂಡು ಓಕಳಿಪುರಂಗೆ ಬರುವುದು, ಉಪ್ಪುಕಾಗದ ಹಿಡಿದು ಪೆಟ್ಟಿಗೆ ಉಜ್ಜುವುದು ಅಭ್ಯಾಸವಾಗಿತ್ತು.

ಭಾನುವಾರಗಳು ಉರುಳಿದವು. ಜನ ಬಂದರು, ಆರ್ಡರ್ ಬಂತು. ಜನ ಹೋದ ಮೇಲೂ ಇಬ್ಬರೂ ಒಂದೊಂದು ಹಾಡು ಹಾಕಿಕೊಂಡು ಕೂತಿರುತ್ತಿದ್ದರು. 'ಇದೇನು, ಭಾನುವಾರಕ್ಕೆ ಇಷ್ಟು ಕಾಯ್ತಿದೀನಿ...' ರಂಜಿನಿ ತನ್ನನ್ನೇ ಕೇಳಿಕೊಂಡಳು. ಉತ್ತರ ಗೊತ್ತಿದ್ದೂ ಹೇಳಿಕೊಳ್ಳಲಿಲ್ಲ.

ಹೀಗಿರುವಾಗ ಒಂದು ಭಾನುವಾರ ಮಲ್ಲೇಶ್ವರದಿಂದ ಅನಿಲ್ ಕುಮಾರ್ ಎಂಬವರು ಬಂದರು. ಸಂಗೀತವನ್ನು ತುಂಬಾ ತಿಳಿದು ಕೇಳುವವರು. ಹಾಡು ಕೇಳುತ್ತಾ ಕೇಳುತ್ತಾ ಅವರ ಕಣ್ಣು ಒದ್ದೆಯಾಯಿತು.

"ಅದ್ಭುತ! ಯಾರು ಮಾಡಿದ್ದು?"

ರಂಜಿನಿ ಬಾಯಿ ತೆರೆಯುವಷ್ಟರಲ್ಲಿ, ಅಭಿರಾಮನ ತಂದೆ ಬದರೀನಾರಾಯಣ ಒಳಗಿನಿಂದ ಬಂದರು.

"ನಮ್ಮ ಅಭೀನೇ. ಮೊದಲಿನಿಂದಲೂ ಇದೇ ಹುಚ್ಚು ಅವನಿಗೆ. ಈ ಹುಡುಗಿ ಸಹಾಯಕ್ಕೆ ಬರ್ತಾಳೆ, ಪಾಪ. ಓಕಳಿಪುರಂ ಕಡೆಯೋಳು."

ರಂಜಿನಿ ಅಭಿರಾಮನತ್ತ ತಿರುಗಿದಳು. 'ಹೇಳ್ತಾನೆ... ಈಗ ಹೇಳ್ತಾನೆ...'

ಅಭಿರಾಮ ಅಪ್ಪನ ಮುಖ ನೋಡಿದ. ಆಮೇಲೆ ನೆಲ ನೋಡಿದ.

ಹೇಳಲಿಲ್ಲ!

ಅನಿಲ್ ಕುಮಾರ್ ಉತ್ಸಾಹದಿಂದ ಅವನ ಕಡೆ ವಾಲಿದರು. "ಅಭಿರಾಮ್, ದಪ್ಪ ದನಿ ದೊಡ್ಡ ಸ್ಪೀಕರಿಗೆ, ಸಣ್ಣ ದನಿ ಚಿಕ್ಕದಕ್ಕೆ ಅಂತ ಸ್ವರ ಹಂಚೋ ಗಡಿ ಇದೆಯಲ್ಲ, ಅದನ್ನ ಯಾಕೆ ಇಷ್ಟು ಕೆಳಗಿನ ಸ್ವರದಲ್ಲಿ ಇಟ್ಟಿದೀರಿ?"

ಅಭಿರಾಮ ತಡವರಿಸಿದ. ಸಹಾಯಕ್ಕೆಂದು ಅವಳ ಕಡೆ ನೋಡಿದ.

ರಂಜಿನಿ ಕೈಕಟ್ಟಿ ನಿಂತಳು. ಅವನ ಹಣೆಯ ಮೇಲೆ ಬೆವರು ಮೂಡುವವರೆಗೂ ನಿಂತಳು.

"ಹೇಳಿ ಅಭಿರಾಮ್ ಅವರೇ. ನೀವೇ ಅಲ್ವಾ ಮಾಡಿದ್ದು?"

ಅವನು ಮತ್ತೆ ನೆಲ ನೋಡಿದ.

"ನಾನೇ ಹೇಳ್ತೀನಿ ಸಾರ್" ಎಂದು ಅವಳು ಅನಿಲ್ ಕುಮಾರ್ ಕಡೆ ತಿರುಗಿದಳು. "ಹಾಡೋರ ಗಂಟಲು ಎರಡು ಹೋಳಾಗಬಾರ್ದು, ಪೂರ್ತಿ ದನಿ ಆ ಚಿಕ್ಕ ಸ್ಪೀಕರಿನಿಂದಲೇ ಬರ್ಲಿ ಅಂತ. ಅದಕ್ಕೇ ಅಷ್ಟು ಕೆಳಗೆ ಇಟ್ಟೆ. ಈ ಸಹಾಯದ ಹುಡುಗಿ!"

ಹೇಳುತ್ತಲೇ ಹಿಂದಿನ ವೈರುಗಳನ್ನು ಕಿತ್ತಳು. ಹಾಡು ಅರ್ಧಕ್ಕೇ ನಿಂತಿತು. ಪೆಟ್ಟಿಗೆಗಳನ್ನು ಆಟೋಗೆ ಹೇರಿಸಿ ಹೊರಟಳು.

ಅಭಿರಾಮ ಬೀದಿಯವರೆಗೂ ಹಿಂದೆ ಬಂದ. "ರಂಜಿನಿ ಅವರೇ, ಒಂದು ನಿಮಿಷ..."

"ಓಕಳಿಪುರಂ ಹುಡುಗಿ ಮಾಡಿದ್ದು ಅಂದ್ರೆ ನಿಮ್ಮ ಹಾಲ್ ಮೈಲಿಗೆ ಆಗುತ್ತಾ?"

"ಅಯ್ಯೋ, ಅದಲ್ಲ..."

"ಅದೇ! ನಮ್ಮ ಮನೆ ಕಡೆ ಬರ್ಬೇಡಿ. ಯಾವತ್ತೂ ಬರ್ಬೇಡಿ!"

ಮನೆಗೆ ಬಂದವಳು ಸ್ಯಾಂಡಿಂಗ್ ಮೆಷಿನ್ ಹಿಡಿದು, ಆಗಲೇ ನುಣುಪಾಗಿದ್ದ ಹಲಗೆಯನ್ನೇ ಉಜ್ಜಿದಳು. ಕಣ್ಣೀರು ಹಲಗೆಯ ಮೇಲೆ ಬೀಳುತ್ತಿತ್ತು. ಅದನ್ನೂ ಉಜ್ಜಿದಳು.

ಶಕುಂತಲಮ್ಮ ಬಂದು ಮೆಷಿನ್ನಿನ ಸ್ವಿಚ್ ಆರಿಸಿದರು.

"ಅವರಪ್ಪ ಅಂದಿದ್ದಕ್ಕೆ ಅಳ್ತಿಲ್ಲ ನೀನು."

"ಅವರಪ್ಪ ಯಾರಮ್ಮ ನನಗೆ? ಇವನು... ಇವನು ಕೂತು ಪೆಟ್ಟಿಗೆ ಉಜ್ಜಿದ್ದಾನೆ ಇಲ್ಲಿ! ಎಲ್ಲ ನೋಡಿದ್ದಾನೆ! ಒಂದು ಮಾತು, ಒಂದೇ ಒಂದು ಮಾತು ಬರ್ಲಿಲ್ವಲ್ಲ ಬಾಯಲ್ಲಿ..."

ಅವನ ಫೋನುಗಳನ್ನು ಅವಳು ತೆಗೆಯಲಿಲ್ಲ. ಬಾಗಿಲ ಮೇಲೆ 'ರಂಜಿನಿ ಆಡಿಯೋ' ಎಂದು ಬೋರ್ಡು ಹಾಕಿಸಿದಳು. ರೈಲು ಬಂದರೆ ಬರಲಿ!

ಒಂದು ದಿನ ಅನಿಲ್ ಕುಮಾರ್ ಆ ಬೋರ್ಡು ಹುಡುಕಿಕೊಂಡು ಬಂದರು. ರೈಲು ಬಂದಾಗ ರಂಜಿನಿ ಹಾಡು ನಿಲ್ಲಿಸಿದಳು, ಹೋದ ಮೇಲೆ ಮತ್ತೆ ಹಾಕಿದಳು. ಅವರು ನಗುತ್ತಲೇ ಕೂತು ಕೇಳಿ, ಆರ್ಡರ್ ಕೊಟ್ಟರು. ಅವರ ಸ್ನೇಹಿತರೂ ಬಂದರು. ಕೋಣೆಯಲ್ಲಿ ಕಾಲಿಡಲು ಜಾಗವಿಲ್ಲದಷ್ಟು ಕೆಲಸ ಸೇರಿತು.

ಕೆಲಸ ತುಂಬಿತ್ತು, ಮನಸ್ಸು ಮಾತ್ರ ಕುದಿಯುತ್ತಲೇ ಇತ್ತು.

ಒಂದು ಸಂಜೆ ಕಾವೇರಮ್ಮ ಬಂದರು.

"ಅನಿಲ್ ಕುಮಾರ್ ನಿಮ್ಮನೆ ಹೇಗೆ ಹುಡುಕಿದ್ರು ಅಂತ ಕೇಳಿದ್ಯೇನಮ್ಮ?"

"ಇಲ್ಲ. ಯಾಕೆ?"

"ಅಭಿ ಹೇಳಿದ. ನೀನು ಹೋದ ತಕ್ಷಣ ಒಳಗೆ ಬಂದು, ಅವರಪ್ಪನ ಎದುರಿಗೇ, 'ಮಾಡಿದ್ದು ಅವರು. ನಾನು ಸುಮ್ಮನಿದ್ದದ್ದು ತಪ್ಪು' ಅಂದ. ಹಿಂದಿನ ಭಾನುವಾರಗಳಲ್ಲಿ ಬಂದಿದ್ದವರಿಗೆಲ್ಲ ಫೋನ್ ಮಾಡಿದ. ಬದರೀನಾರಾಯಣರು ಅವನ ಜೊತೆ ಮಾತು ಬಿಟ್ಟಿದ್ದಾರೆ."

ರಂಜಿನಿಯ ಕೋಪ ಇಳಿಯಲಿಲ್ಲ, ಇನ್ನೂ ಏರಿತು! "ಹಾಗಾದ್ರೆ ನನಗೆ ಬಂದ ಗಿರಾಕಿಗಳೆಲ್ಲ ಅವರ ದಯೆನಾ?"

"ಅವನು ಕೊಟ್ಟಿದ್ದು ವಿಳಾಸ. ರೈಲಿನ ಗಲಾಟೇಲೂ ಅವರನ್ನ ಕೂರಿಸಿದ್ದು ನಿನ್ನ ಸ್ಪೀಕರ್."

"ಅದನ್ನ ಬಂದು ಹೇಳೋಕೆ ಏನಾಗಿತ್ತು ಅವರಿಗೆ?"

"ಬರ್ಬೇಡ ಅಂದೋಳು ನೀನೇ ಅಂತಲ್ಲ! ನನ್ನನ್ನ ಆಟೋದಲ್ಲಿ ಕರ್ಕೊಂಡು ಬಂದು, ಬೀದಿ ತುದೀಲಿ ನಿಂತಿದಾನೆ ನೋಡು, ಒಳಗೆ ಕಾಲಿಡದೆ."

ಮೈಮೇಲೆಲ್ಲ ಮರದ ಪುಡಿಯಿದ್ದ ಹಾಗೆಯೇ ರಂಜಿನಿ ಬೀದಿಗೆ ನುಗ್ಗಿದಳು.

ಅಭಿರಾಮ ಅಂಗಡಿಯೊಂದರ ಪಕ್ಕದಲ್ಲಿ ನಿಂತಿದ್ದ. ಸೊರಗಿದ್ದ.

"ನಾಚಿಕೆ ಆಯ್ತಾ ಅವತ್ತು, ನನ್ನ ಹೆಸರು ಹೇಳೋಕೆ?"

"ನಾಚಿಕೆ ಅಲ್ಲ. ಹೆದರಿಕೆ. ಎದುರು ಮಾತಾಡಿದ್ರೆ ಅಪ್ಪ ಹಾಲ್ ಮುಚ್ಚಿಸ್ತಾರೆ, ಭಾನುವಾರ ನಿಮ್ಮನ್ನ ನೋಡೋದು ತಪ್ಪುತ್ತೆ ಅಂತ."

"ನಾಚಿಕೆಯೋ ಹೆದರಿಕೆಯೋ, ಅಲ್ಲಿ ಇಲ್ಲವಾಗಿದ್ದು ನಾನು!"

"ಹೌದು" ಎಂದ ಅಭಿರಾಮ. "ಸಮರ್ಥನೆ ಮಾಡ್ಕೊಳ್ಳೋಕೆ ಬಂದಿಲ್ಲ. ಹಾಲ್ ಕೊಡೋಕೂ ಬಂದಿಲ್ಲ, ಅದು ಇನ್ನು ಸಿಗಲ್ಲ. ನಿನ್ನೆ ಅಪ್ಪನಿಗೆ ಇನ್ನೊಂದು ಮಾತೂ ಹೇಳ್ಬಿಟ್ಟೆ. ನಿಮ್ಮನ್ನ ಪ್ರೀತಿಸ್ತೀನಿ, ಮದುವೆ ಅಂತ ಆದ್ರೆ ನಿಮ್ಮನ್ನೇ ಅಂತ. ಮಾತು ಬಿಟ್ಟಿದ್ದವರು ಅದಕ್ಕೆ ಮಾತ್ರ ಬಾಯಿ ತೆರೆದು, ಯಾವ ಜನ, ಏನು ಅಂತೆಲ್ಲ ಕೇಳಿದ್ರು. ಅದು ನನಗೆ ಬೇಕಿಲ್ಲ ಅಂದೆ."

ರಂಜಿನಿ ಮತ್ತೆ ಸಿಡಿದಳು.

"ನನಗಿಂತ ಮೊದಲು ನಿಮ್ಮಪ್ಪನಿಗಾ ಹೇಳೋದು? ಇದರಲ್ಲೂ ನನ್ನನ್ನ ಕೇಳೋದು ಕೊನೇಲಾ?"

ಅಭಿರಾಮ ಬಾಯಿಬಿಟ್ಟು ನೋಡಿದ. "ಅಯ್ಯೋ... ಹೌದಲ್ಲ!"

ಅವನ ಆ ಪೆಚ್ಚು ಮುಖ ನೋಡಿ, ಬೇಡವೆಂದರೂ ಅವಳ ತುಟಿ ನಡುಗಿತು. ನಗುವೋ ಅಳುವೋ ಅವಳಿಗೇ ತಿಳಿಯಲಿಲ್ಲ.

"ಈಗ ಕೇಳ್ತೀನಿ" ಎಂದ ಅವನು ಮೆಲ್ಲಗೆ. "ನಾನು ನಿಮಗೆ ಇಷ್ಟನಾ?"

"ಇಷ್ಟ ಇಲ್ದಿದ್ರೆ ಇಷ್ಟು ಕೋಪ ಯಾಕೆ ಬರುತ್ತೆ? ಅಷ್ಟೂ ಗೊತ್ತಾಗಲ್ವಾ?" ಅವಳು ಕಣ್ಣು ತುಂಬಿಕೊಂಡೇ ಬೆರಳು ಎತ್ತಿದಳು. "ಇನ್ನೊಂದು ಸಲ ಹಾಗೆ ನೆಲ ನೋಡ್ಕೊಂಡು ನಿಂತ್ರೆ..."

"ನಿಲ್ಲಲ್ಲ, ರಂಜಿನಿ."

ಮೊದಲ ಬಾರಿ 'ಅವರೇ' ಇಲ್ಲದ ಆ ಹೆಸರು. ಅವಳು ಮುಂಗೈಯಿಂದ ಕೆನ್ನೆ ಒರೆಸಿಕೊಂಡಳು. ಕಣ್ಣೀರಿನ ಜೊತೆ ಮರದ ಪುಡಿಯೂ ಮೆತ್ತಿಕೊಂಡಿತು.

"ಅಮ್ಮ ಕಾಫಿಗೆ ಇಟ್ಟಿದ್ದಾಳೆ. ಬಾ ಒಳಗೆ."

"ಕೋಪ?"

"ಇದೆ. ಪೂರ್ತಿ ಇದೆ."

"ಆದ್ರೂ 'ಬಾ' ಅಂದ್ಯಲ್ಲ..."

"ಅಂದೆ" ಎಂದಳು ರಂಜಿನಿ, ಅವನ ತೋಳು ಹಿಡಿದೆಳೆಯುತ್ತಾ. "ನಡಿ."