ಮುಳುಗಿದ ದನಿ

“ನನ್ನ ದನಿ ಎಲ್ಲಿ ಬಚ್ಚಿಟ್ಟಿದ್ದೀರಿ ಮೇಷ್ಟ್ರೇ?”

ಭಾನುವಾರ ಬೆಳಿಗ್ಗೆ ಬಾಗಿಲು ತೆಗೆದ ಗಂಗಾಧರನಿಗೆ ಸಿಕ್ಕ ಮೊದಲ ಮಾತು ಇದು. ಎದುರಿಗೆ ಪದ್ಮಶ್ರೀ. ರಾಯಲ್ಪಾಡಿನಿಂದ ಬಸ್ಸಲ್ಲಿ ಬಂದಿದ್ದಳು. ಗಾಳಿಗೆ ಕೆದರಿದ ಕೂದಲು, ಮೂಗಿನ ತುದಿಯಲ್ಲಿ ಕೋಪ. ಸಿಟ್ಟಲ್ಲೂ ಒಬ್ಬಳು ಇಷ್ಟು ಚೆಂದ ಕಾಣಬಾರದು ಅಂದುಕೊಂಡ ಅವನು.

ಗಂಗಾಧರ್ ಮುಳಬಾಗಿಲಿನ ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರು. ಶಾಲೆ ಬಿಟ್ಟ ಮೇಲೆ ಅವನ ಲೋಕವೇ ಬೇರೆ: ಸದ್ದು ಗುಂಯ್‌ಗುಡದಂತೆ ಗೋಡೆಗೆಲ್ಲ ಹಳೇ ರಜಾಯಿ ಹೊಡೆದ ಸಣ್ಣ ರೂಮು, ಲ್ಯಾಪ್‌ಟಾಪು, ಒಂದು ಮೈಕು. ಅಲ್ಲೇ ಹಾಡು ಕಟ್ಟುತ್ತಿದ್ದ, ಅಲ್ಲೇ ದನಿ-ವಾದ್ಯಗಳನ್ನು ಹದವಾಗಿ ಬೆರೆಸಿ ಮಿಕ್ಸ್ ಮಾಡುತ್ತಿದ್ದ. ಪದ್ಮಶ್ರೀ ಅಪ್ಪನ ಟೊಮೆಟೊ ನರ್ಸರಿ ನೋಡಿಕೊಳ್ಳುತ್ತಿದ್ದಳು. ನರ್ಸರಿಯ ವ್ಯಾನಿಗೆ ಸ್ಪೀಕರ್ ಕೂರಿಸಲು ಗೆಳೆಯ ರಹೀಲ್ ಹೊರಟಾಗ ಇವನೂ ಜೊತೆಗೆ ಹೋಗಿದ್ದ. ಹಸಿರು ಪರದೆಯ ನೆರಳಲ್ಲಿ ಸಸಿಗೆ ನೀರು ಹಾಕುತ್ತಾ ಅವಳು ಹಾಡುತ್ತಿದ್ದಳು. ಇವನು ನಿಂತಲ್ಲೇ ನಿಂತುಬಿಟ್ಟಿದ್ದ. ತನ್ನದೊಂದು ಹಾಡು ಹಾಡಿಕೊಡ್ತೀರಾ ಅಂತ ಹೇಗೋ ಧೈರ್ಯ ಮಾಡಿ ಕೇಳಿದ. ಕಳೆದ ತಿಂಗಳು ಅವಳು ಇದೇ ರೂಮಿಗೆ ಬಂದು ಅವನ ಹಾಡು ಹಾಡಿಹೋದಳು.

ಇವತ್ತು ಸಂಜೆ ಕೋಲಾರದ ಬಯಲಿನಲ್ಲಿ ಹೊಸಬರ ಹಾಡುಗಳನ್ನು ದೊಡ್ಡ ಸ್ಪೀಕರಿನಲ್ಲಿ ಹಾಕುವವರಿದ್ದರು. ಮಧ್ಯಾಹ್ನದೊಳಗೆ ಹಾಡು ಕಳಿಸಬೇಕಿತ್ತು.

“ನೀವು ಫೋನಿಗೆ ಕಳಿಸಿದ ಹಾಡನ್ನ ನರ್ಸರೀಲಿ ಎಲ್ಲರಿಗೂ ಕೇಳಿಸ್ದೆ. ‘ಪಾಟ ಬಾಗುಂದಿ, ನುವ್ವೆಕ್ಕಡ?’ ಅಂದ್ರು. ಹಾಡು ಚೆನ್ನಾಗಿದೆ, ನೀನೆಲ್ಲಿ ಅಂತ!” ಅವಳು ಫೋನನ್ನು ಅವನ ಮುಖಕ್ಕೆ ಹಿಡಿದಳು. “ನನ್ನ ಹಾಡು ಇಷ್ಟ ಆಗ್ಲಿಲ್ಲ ಅಂದ್ರೆ ಬಾಯಿಬಿಟ್ಟು ಹೇಳಿ. ಬೇರೆ ಯಾರ ಹತ್ರಾನಾದ್ರೂ ಹಾಡಿಸ್ಕೊಳ್ಳಿ.”

“ಅಯ್ಯೋ, ಇಲ್ಲ! ನನಗೆ ಪ್ರತಿ ಅಕ್ಷರಾನೂ ಕೇಳಿಸ್ತಿದೆ.”

“ಕೋಪ ಆಮೇಲೆ. ಮೊದ್ಲು ಕಾಫಿ ಕುಡಿಯಮ್ಮಾ,” ಒಳಗಿಂದ ಬಂದ ತಾಯಿ ಆದಿಲಕ್ಷ್ಮಮ್ಮ ಲೋಟ ಹಿಡಿದರು.

ಕಾಫಿ ಮುಗಿದದ್ದೇ, ಮೂರನೆಯವರ ಕಿವಿಗೂ ಕೇಳಿಸಿ ನೋಡೋಣ ಅಂತ ಇಬ್ಬರೂ ರಹೀಲನ ಕಾರ್ ಸ್ಟೀರಿಯೊ ಅಂಗಡಿಗೆ ಹೋದರು. ರಹೀಲ್ ತನ್ನ ಹಳೇ ಕಾರಿನಲ್ಲಿ ಹಾಡು ಹಾಕಿ, ಕಣ್ಣು ಮುಚ್ಚಿ ಕೇಳಿದ.

“ಲೇ ಗಂಗಾ, ನಿನ್ನ ಕೀಬೋರ್ಡು ಮೊದಲನೇ ಪಂಕ್ತೀಲಿ ಕೂತು ಊಟ ಮಾಡ್ತಿದೆ. ಪಾಪ, ಹಾಡೋ ಹುಡುಗಿ ಚಪ್ಪರದ ಆಚೆ ನಿಂತವ್ಳೆ! ನನಗೆ ಒಂದು ಪದಾನೂ ತಿಳೀಲಿಲ್ಲ.”

ಗಂಗಾಧರ್ ಮತ್ತೆ ಕೇಳಿದ. ಈ ಸಲ ಹಾಡು ಗೊತ್ತಿಲ್ಲದವನ ಹಾಗೆ. ನಿಜ. ದನಿ ಎಲ್ಲೋ ಬಾವಿಯೊಳಗಿತ್ತು.

ರಹೀಲ್ ಟೀ ತರುವ ನೆಪದಲ್ಲಿ ಜಾಗ ಖಾಲಿ ಮಾಡಿದ. ಹಿಂದಿನ ಸೀಟಿನಲ್ಲಿ ಲ್ಯಾಪ್‌ಟಾಪ್ ತೊಡೆಯ ಮೇಲಿಟ್ಟುಕೊಂಡು ಗಂಗಾಧರ್ ಕೆಲಸಕ್ಕಿಳಿದ. ದನಿಯ ಸುತ್ತ ಮಂಜಿನ ಹಾಗೆ ಕವಿದಿದ್ದ ರಿವರ್ಬ್ ಅನ್ನೋ ಮಾರ್ದನಿಯನ್ನು ಕಡಿಮೆ ಮಾಡಿದ. ಕೀಬೋರ್ಡನ್ನು ಹಿಂದಕ್ಕೆ ಸರಿಸಿದ. ಪಕ್ಕದಲ್ಲಿ ಪದ್ಮಶ್ರೀ ಪರದೆಯತ್ತ ಬಾಗಿದಳು. ಅವಳ ಜಡೆ ಅವನ ತೋಳಿಗೆ ತಾಗಿತು. ಮೌಸ್ ದಾರಿ ತಪ್ಪಿತು.

“ಇನ್ನೂ ಸ್ವಲ್ಪ ಮೇಲೆ ತನ್ನಿ,” ಅಂದಳು. “ಹಾಂ! ಅಷ್ಟೇ, ಅಷ್ಟೇ!”

ಕಾರಿನ ತುಂಬ ಅವಳ ದನಿ ತುಂಬಿಕೊಂಡಿತು. ಎದುರಿಗೇ ನಿಂತು, ಅವನೊಬ್ಬನಿಗೇ ಹಾಡಿದ ಹಾಗೆ.

“ಸಾಲಿನ ಮಧ್ಯೆ ಉಸಿರು ಕೇಳಿಸ್ತಿದೆ. ತೆಗೀರಿ.”

“ತೆಗೆಯೋದು ಬೇಡ. ಅದಿಲ್ಲದಿದ್ರೆ ಮುಂದಿನ ಸಾಲು ನಿಮ್ಮದು ಅನ್ನಿಸಲ್ಲ.”

ಅವಳು ಅವನನ್ನೇ ನೋಡಿದಳು. ಕೋಪ ಯಾವಾಗಲೋ ಇಳಿದಿತ್ತು. “ಒಂದು ಮಾತು ಹೇಳಿ ಮೇಷ್ಟ್ರೇ. ಯಾರಿಗೂ ಕೇಳಿಸದೆ ಇದ್ದದ್ದು ನಿಮಗೊಬ್ಬರಿಗೆ ಹೇಗೆ ಕೇಳಿಸ್ತಿತ್ತು?”

ಗಂಗಾಧರನ ಕಿವಿ ಕೆಂಪಾಯಿತು.

“ನೀವು ಹಾಡಿ ಹೋದ ದಿನದಿಂದ ಅದು ನನ್ನ ತಲೆಯೊಳಗೇ ಇದೆ. ಬೋರ್ಡ್ ಮೇಲೆ ಲೆಕ್ಕ ಬರೀವಾಗಲೂ ಇರುತ್ತೆ. ಸ್ಪೀಕರಲ್ಲಿ ಎಷ್ಟಿದೆ ಅಂತ ನೋಡಲೇ ಇಲ್ಲ.” ತಡವರಿಸಿದ. “ನನಗೆ ನೀವಂದ್ರೆ ಇಷ್ಟ, ಪದ್ಮಶ್ರೀ.”

ಅವಳು ಕಿಟಕಿಯತ್ತ ತಿರುಗಿದಳು. ಗಾಜಿನಲ್ಲಿ ಅವಳ ತುಟಿಯಂಚಿನ ನಗು ಕಂಡಿತು.

“ಜಗಳ ಆಡೋಕೆ ಫೋನು ಸಾಕಿತ್ತು,” ಅಂದಳು ಮೆಲ್ಲಗೆ. “ಎರಡು ಬಸ್ಸು ಬದಲಾಯಿಸ್ಕೊಂಡು ಯಾಕೆ ಬಂದೆ ಅಂತ ಒಂದ್ಸಲಾನಾದ್ರೂ ಕೇಳಿದೆಯಾ ನೀನು?”

‘ನೀನು’ ಅಂದಳು! ಗಂಗಾಧರನಿಗೆ ತೊಡೆಯ ಮೇಲಿನ ಲ್ಯಾಪ್‌ಟಾಪೇ ಮರೆತುಹೋಯಿತು. ಕೊನೆಗೆ ಹಾಡು ಕಳಿಸುವ ಬಟನ್ ಒತ್ತಿದ್ದೂ ಅವಳೇ.

ಸಂಜೆ ಕೋಲಾರದ ಬಯಲಿನಲ್ಲಿ ಜನ ಕಡಲೆಕಾಯಿ ತಿನ್ನುತ್ತಾ ಹರಟುತ್ತಿದ್ದರು. ಅವರ ಹಾಡು ಶುರುವಾಯಿತು. ಮೊದಲ ಸಾಲಿಗೇ ಹರಟೆ ನಿಂತಿತು. ಮುಂದಿದ್ದ ಹೆಂಗಸೊಬ್ಬರು ಮಗುವನ್ನು ಸುಮ್ಮನಾಗಿಸಿ ಸ್ಪೀಕರಿನತ್ತ ತಿರುಗಿದರು. ಎರಡನೇ ಸಲ ಪಲ್ಲವಿ ಬರುವಷ್ಟರಲ್ಲಿ ಹಿಂದಿನ ಸಾಲಿನ ಹುಡುಗರು ದನಿಗೂಡಿಸಿದ್ದರು. ಪದ್ಮಶ್ರೀ ಅವನ ಕೈ ಗಟ್ಟಿಯಾಗಿ ಹಿಡಿದುಕೊಂಡಳು. ಚಪ್ಪಾಳೆ ಬಿದ್ದಾಗಲೂ ಬಿಡಲಿಲ್ಲ.

“ಅಪ್ಪನ ಹತ್ರ ನಾನು ಮಾತಾಡ್ತೀನಿ,” ಅಂದಳು ಅವನ ಕಿವಿಯ ಹತ್ತಿರ. “ನೀನು ಮುಂದಿನ ಹಾಡು ಕಟ್ಟು. ಅದನ್ನ ಇಬ್ಬರೂ ಹಾಡೋಣ.”

“ನನಗೆ ಹಾಡೋಕೆ ಬರಲ್ಲ ಕಣೇ!”

“ಗೊತ್ತು,” ಅವಳು ಕಣ್ಣರಳಿಸಿ ನಕ್ಕಳು. “ಅದಕ್ಕೇ ಅದರ ಮಿಕ್ಸ್ ನಾನೇ ಮಾಡ್ತೀನಿ.”